ಹಸು ಗಬ್ಬ ನಿಲ್ಲದಿರಲು ಅಡಗಿದ ವಂಶವಾಹಿ ದೋಷ ಕಾರಣವೇ? ಪದೇ ಪದೇ ಕೇಳುವ ಪ್ರಶ್ನೆಗಳು

ಹಸು ಸರಿಯಾಗಿ ಬೆದೆಗೆ ಬರುತ್ತದೆ. ಹೊತ್ತಿಗೆ ಸರಿಯಾಗಿ ಗರ್ಭಧಾರಣೆ ಮಾಡಿಸಿರುತ್ತೀರಿ. ಆದರೂ ಗಬ್ಬ ನಿಲ್ಲುವುದಿಲ್ಲ. ಅಥವಾ ನಿಂತ ಹಾಗೆ ಕಂಡು ಎರಡು ತಿಂಗಳಿಗೆ ಖಾಲಿ ಅಂತ ಗೊತ್ತಾಗುತ್ತದೆ. ಇಂಥ ಹಸುವಿಗೆ "ಗೊಡ್ಡು" ಅಂತ ಹೆಸರಿಟ್ಟು ಮಾರಿಬಿಡುವವರು ಬಹಳ ಜನ. ಕೆಲವು ಸಲ ತಪ್ಪು ಹಸುವಿನದ್ದಲ್ಲ, ಹೋರಿಯದ್ದೂ ಅಲ್ಲ. ಇಬ್ಬರನ್ನು ಜೋಡಿಸಿದ ರೀತಿಯಲ್ಲಿ ತಪ್ಪಿರುತ್ತದೆ. ಆ ಬಗ್ಗೆ ಜನ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇನೆ.

ಅಡಗಿದ ವಂಶವಾಹಿ ದೋಷ ಅಂದರೆ ಏನು?

ಪ್ರತಿ ಹಸುವಿನ ಜೀವಕೋಶದಲ್ಲಿ 30 ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ. ಹಾಗಾಗಿ ಹೆಚ್ಚುಕಡಿಮೆ ಎಲ್ಲ ವಂಶವಾಹಿಗಳಿಗೂ ಎರಡೆರಡು ಪ್ರತಿ. ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಕೆಲಸ ಮಾಡಿಕೊಂಡು ಹೋಗುತ್ತದೆ. ಹಸು ಆರೋಗ್ಯವಾಗಿಯೇ ಇರುತ್ತದೆ, ಹಾಲೂ ಚೆನ್ನಾಗಿ ಕೊಡುತ್ತದೆ. ಇಂಥ ದೋಷಕ್ಕೆ ಅಪ್ರಬಲ ಅಥವಾ ರಿಸೆಸಿವ್ ದೋಷ ಅನ್ನುತ್ತಾರೆ. ಒಂದು ಕೆಟ್ಟ ಪ್ರತಿ ಹೊತ್ತಿರುವ ಹಸು ಅಥವಾ ಹೋರಿಗೆ ವಾಹಕ ಅಂತ ಹೆಸರು.

ತೊಂದರೆ ಶುರುವಾಗುವುದು ಎರಡೂ ಕೆಟ್ಟ ಪ್ರತಿಗಳು ಒಂದೇ ಭ್ರೂಣಕ್ಕೆ ಬಂದಾಗ. ಕೆಲವು ವಂಶವಾಹಿಗಳು ಇಲ್ಲದೆ ಭ್ರೂಣ ಬೆಳೆಯುವುದೇ ಇಲ್ಲ. ಅದು ಹೊಟ್ಟೆಯಲ್ಲೇ ಸಾಯುತ್ತದೆ. ಹೊರಗೆ ಕಾಣುವುದು ಇಷ್ಟೇ: ಹಸು ಮತ್ತೆ ಬೆದೆಗೆ ಬಂತು.

ವಾಹಕ ಹೋರಿಯ ಸೆಮೆನ್ ಹಾಕಿಸಿದರೆ ಪ್ರತಿ ಸಲವೂ ಗಬ್ಬ ಹೋಗುತ್ತದಾ?

ಇಲ್ಲ. ಈ ಲೆಕ್ಕ ಒಮ್ಮೆ ಮನಸ್ಸಿಗೆ ಹತ್ತಿದರೆ ಅರ್ಧ ಭಯ ಹೋಗುತ್ತದೆ.

ಹೋರಿ ವಾಹಕ, ಹಸು ವಾಹಕ ಅಲ್ಲ ಅಂದುಕೊಳ್ಳಿ. ಆಗ ಈ ದೋಷದಿಂದ ಒಂದು ಭ್ರೂಣವೂ ಸಾಯುವುದಿಲ್ಲ. ಹುಟ್ಟುವ ಕರುಗಳಲ್ಲಿ ಅರ್ಧದಷ್ಟು ವಾಹಕ ಆಗುತ್ತವೆ, ಅಷ್ಟೇ.

ಇಬ್ಬರೂ ವಾಹಕ ಆಗಿದ್ದರೆ ಮಾತು ಬೇರೆ. ನಾಲ್ಕು ಭ್ರೂಣಗಳಲ್ಲಿ ಸರಾಸರಿ ಒಂದಕ್ಕೆ ಎರಡೂ ಕೆಟ್ಟ ಪ್ರತಿ ಸಿಗುತ್ತದೆ. ಅಂದರೆ 25% ನಷ್ಟ. ಮಾಮೂಲಾಗಿ 100 ಸಲ ಗರ್ಭಧಾರಣೆ ಮಾಡಿಸಿದರೆ 40 ಗಬ್ಬ ನಿಲ್ಲುವ ಕೊಟ್ಟಿಗೆ ನಿಮ್ಮದು ಅಂತಿಟ್ಟುಕೊಳ್ಳಿ. ಇಂಥ ಜೋಡಿಗಳಲ್ಲಿ ಅದು 30ಕ್ಕೆ ಇಳಿಯುತ್ತದೆ. ಉಳಿದ ಮೂರು ಭ್ರೂಣಗಳಲ್ಲಿ ಒಂದು ಪೂರ್ತಿ ದೋಷಮುಕ್ತ, ಎರಡು ವಾಹಕ. ಅಂದರೆ ಬದುಕಿ ಹುಟ್ಟಿದ ಕರುಗಳಲ್ಲಿ ಮೂರಕ್ಕೆ ಎರಡು ಪಾಲು ಅದೇ ದೋಷವನ್ನು ಮುಂದಕ್ಕೆ ಒಯ್ಯುತ್ತವೆ.

ಎಷ್ಟೋ ಕೊಟ್ಟಿಗೆಗಳಲ್ಲಿ ಹಸುವಿಗೆ ಪರೀಕ್ಷೆ ಆಗಿರುವುದಿಲ್ಲ, ಅದರ ತಂದೆ ಹೋರಿ ವಾಹಕ ಅನ್ನುವುದು ಮಾತ್ರ ಗೊತ್ತಿರುತ್ತದೆ. ಆಗ ಹಸು ವಾಹಕ ಆಗಿರುವ ಸಾಧ್ಯತೆ ಅರ್ಧ. ಅದಕ್ಕೆ ಮತ್ತೊಂದು ವಾಹಕ ಹೋರಿ ಹಾಕಿಸಿದರೆ ಎಂಟರಲ್ಲಿ ಒಂದು ಭ್ರೂಣ ಹೋಗಬಹುದು.

ಹೊಟ್ಟೆಯಲ್ಲೇ ಸಾಯುವ ಭ್ರೂಣದ ದೋಷವನ್ನು ಕಂಡುಹಿಡಿದದ್ದು ಹೇಗೆ?

ಇದು ನನಗೆ ತುಂಬಾ ಇಷ್ಟವಾದ ಕತೆ. ಹಳೆಯ ಕಾಲದಲ್ಲಿ ದೋಷ ಹುಡುಕಲು ರೋಗ ಬಂದ ಕರು ಕಣ್ಣಿಗೆ ಬೀಳಬೇಕಿತ್ತು. ಕುತ್ತಿಗೆ ಮೋಟಾದ ಕರು, ಕಾಲು ಸೊಟ್ಟಗಿರುವ ಕರು, ಪದೇ ಪದೇ ಸೋಂಕು ಬಂದು ಸಾಯುವ ಕರು. ಅವುಗಳ ತಂದೆತಾಯಿ ಯಾರು ಅಂತ ಹುಡುಕಿಕೊಂಡು ಹೋಗುತ್ತಿದ್ದರು. ಆದರೆ ಭ್ರೂಣ ಮೂವತ್ತು ನಲವತ್ತನೇ ದಿನಕ್ಕೇ ಸತ್ತು ಕರಗಿಹೋದರೆ? ಹುಡುಕಲು ಏನೂ ಉಳಿಯುವುದಿಲ್ಲ.

2011ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಪಾಲ್ ವ್ಯಾನ್‌ರೇಡನ್ ಮತ್ತು ಸಂಗಡಿಗರು ಲೆಕ್ಕವನ್ನು ತಿರುಗಿಸಿ ಹಾಕಿದರು. ಅಷ್ಟು ಹೊತ್ತಿಗೆ ಹಾಲಿನ ತಳಿಗಳ ಸಾವಿರಾರು ಹೋರಿ, ಹಸುಗಳ ವಂಶವಾಹಿ ಪರೀಕ್ಷೆ ಬೇರೆ ಕಾರಣಕ್ಕೆ ಆಗಿಹೋಗಿತ್ತು. ಅವರು ರೋಗ ಇರುವ ದನಗಳನ್ನು ಹುಡುಕಲಿಲ್ಲ. ಇರಬೇಕಾಗಿದ್ದ, ಆದರೆ ಇಲ್ಲದ ದನಗಳನ್ನು ಹುಡುಕಿದರು.

ಒಂದು ಲೆಕ್ಕ ನೋಡಿ. ವರ್ಣತಂತುವಿನ ಒಂದು ತುಂಡು ತಳಿಯ 20% ದನಗಳಲ್ಲಿ ಒಂದೊಂದು ಪ್ರತಿಯಾಗಿ ಇದೆ. ವಾಹಕ ಹೌದೋ ಅಲ್ಲವೋ ನೋಡದೆ ತಳಿಯ ದನಗಳನ್ನು ಕೂಡಿಸಿದಾಗ ಹುಟ್ಟುವ ಕರುಗಳಲ್ಲಿ ಸುಮಾರು 1% ಕರುಗಳಿಗೆ ಎರಡೂ ಪ್ರತಿ ಇರಬೇಕು. 10,000 ದನ ಪರೀಕ್ಷೆ ಮಾಡಿದರೆ ನೂರಾದರೂ ಸಿಗಬೇಕು. ಒಂದೂ ಸಿಗದಿದ್ದರೆ? ಆ ನೂರು ಹುಟ್ಟಲೇ ಇಲ್ಲ ಅಂತ ಅರ್ಥ.

ಹೀಗೆ ಹೋಲ್‌ಸ್ಟೀನ್‌ನಲ್ಲಿ ಮೂರು, ಜೆರ್ಸಿಯಲ್ಲಿ ಒಂದು, ಬ್ರೌನ್ ಸ್ವಿಸ್‌ನಲ್ಲಿ ಒಂದು ಇಂಥ ಜಾಗ ಸಿಕ್ಕಿದವು. ಒಟ್ಟಿಗೇ ಮುಂದಿನ ತಲೆಮಾರಿಗೆ ಹೋಗುವ ಇಂಥ ತುಂಡಿಗೆ ಹ್ಯಾಪ್ಲೋಟೈಪ್ ಅನ್ನುತ್ತಾರೆ. ಅದಕ್ಕೇ ಎಚ್‌ಎಚ್1, ಎಚ್‌ಎಚ್2, ಎಚ್‌ಎಚ್3, ಜೆಎಚ್1, ಬಿಎಚ್1 ಅಂತ ಹೆಸರು. ಮೊದಲ ಅಕ್ಷರ ತಳಿಯದ್ದು, ಎರಡನೆಯದು ಹ್ಯಾಪ್ಲೋಟೈಪ್‌ನದ್ದು. ಆಮೇಲೆ ಫ್ರಾನ್ಸ್ ಸೇರಿ ಬೇರೆ ಕಡೆಯವರೂ ಇದೇ ದಾರಿ ಹಿಡಿದು ಪಟ್ಟಿಯನ್ನು ಬೆಳೆಸಿದರು.

ಒಂದು ವಂಶವಾಹಿ ಕೆಟ್ಟರೆ ಭ್ರೂಣ ಯಾಕೆ ಸಾಯಬೇಕು?

ಈ ಪಟ್ಟಿಯಲ್ಲಿರುವ ಹೆಚ್ಚಿನ ವಂಶವಾಹಿಗಳು ಜೀವಕೋಶದ ದಿನನಿತ್ಯದ ಮನೆಗೆಲಸ ಮಾಡುವಂಥವು.

ಎಚ್‌ಎಚ್3ರಲ್ಲಿ ಕೆಟ್ಟಿರುವುದು ಎಸ್‌ಎಂಸಿ2. ಜೀವಕೋಶ ಒಡೆದು ಎರಡಾಗುವಾಗ ವರ್ಣತಂತುಗಳನ್ನು ಅಚ್ಚುಕಟ್ಟಾಗಿ ಸುತ್ತಿ ಮಡಚುವ ಕೆಲಸ ಅದರದ್ದು. ಅದಿಲ್ಲದಿದ್ದರೆ ಜೀವಕೋಶ ಸರಿಯಾಗಿ ಒಡೆಯುವುದಿಲ್ಲ. ಜೆರ್ಸಿಯ ಜೆಎಚ್1ರಲ್ಲಿ ಕೆಟ್ಟಿರುವುದು ಸಿಡಬ್ಲ್ಯೂಸಿ15. ವಂಶವಾಹಿಯ ಸಂದೇಶದಲ್ಲಿ ಬೇಡದ ಭಾಗ ಕತ್ತರಿಸಿ ಬೇಕಾದ್ದನ್ನು ಜೋಡಿಸುವ ಕೆಲಸಕ್ಕೆ ಅದು ಬೇಕು. ಎಚ್‌ಎಚ್5ರಲ್ಲಿ ಟಿಎಫ್‌ಬಿ1ಎಂ ಅನ್ನುವ ವಂಶವಾಹಿಯೇ ಹಾರಿಹೋಗಿದೆ. ಜೀವಕೋಶಕ್ಕೆ ಶಕ್ತಿ ತಯಾರಿಸಿಕೊಡುವ ಮೈಟೊಕಾಂಡ್ರಿಯಾಕ್ಕೆ ಅದು ಬೇಕು.

ಎಚ್‌ಎಚ್4 ಮತ್ತು ಹೋಲ್‌ಸ್ಟೀನ್‌ನಲ್ಲೇ ಕಂಡ ಡಂಪ್ಸ್ ಅನ್ನುವ ಇನ್ನೊಂದು ದೋಷ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಡಿಎನ್‌ಎ ಬರೆಯಲು ನಾಲ್ಕು ಅಕ್ಷರ ಬೇಕಲ್ವಾ? ಎರಡು ಪ್ಯೂರಿನ್ ಜಾತಿಯವು, ಎರಡು ಪಿರಿಮಿಡಿನ್ ಜಾತಿಯವು. ಎಚ್‌ಎಚ್4ರಲ್ಲಿ ಕೆಟ್ಟಿರುವ ಗಾರ್ಟ್ ವಂಶವಾಹಿ ಪ್ಯೂರಿನ್ ತಯಾರಿಕೆಯದ್ದು. ಡಂಪ್ಸ್‌ನಲ್ಲಿ ಕೆಟ್ಟಿರುವುದು ಪಿರಿಮಿಡಿನ್ ತಯಾರಿಕೆಯದ್ದು. ದಿನದಿನಕ್ಕೆ ಬೆಳೆಯುವ ಭ್ರೂಣಕ್ಕೆ ಡಿಎನ್‌ಎ ಅಕ್ಷರಗಳ ದಾಸ್ತಾನೇ ಮುಗಿದರೆ ಅದು ಮುಂದೆ ಹೋಗುವುದು ಹೇಗೆ? ಡಂಪ್ಸ್ ಇರುವ ಭ್ರೂಣ ಸುಮಾರು 40ನೇ ದಿನದ ಹೊತ್ತಿಗೆ ಸಾಯುತ್ತದೆ.

ಡಂಪ್ಸ್ ಸಿಕ್ಕ ದಾರಿಯೂ ವಿಶೇಷ. 1980ರ ದಶಕದಲ್ಲಿ ಕೆಲವು ಹಸುಗಳ ಹಾಲಿನಲ್ಲಿ ಒರೋಟಿಕ್ ಆಮ್ಲ ಜಾಸ್ತಿ ಇರುವುದು ಕಂಡಿತು. ಹುಡುಕುತ್ತಾ ಹೋದಾಗ ಆ ಹಸುಗಳಲ್ಲಿ ಒಂದು ಕಿಣ್ವ ಅರ್ಧದಷ್ಟೇ ಇದೆ ಅಂತ ಗೊತ್ತಾಯಿತು. ಅವು ವಾಹಕಗಳು. ಗಬ್ಬದ ದೋಷಕ್ಕೆ ಸುಳಿವು ಸಿಕ್ಕಿದ್ದು ಹಾಲಿನಲ್ಲಿ!

ಇಷ್ಟು ಕೆಟ್ಟ ದೋಷ ಇಡೀ ತಳಿಗೆ ಹರಡಿದ್ದು ಹೇಗೆ?

ಒಳ್ಳೆಯ ಹೋರಿಗಳ ಮೂಲಕ. ಹೇಳಲು ಬೇಸರವೇ, ಆದರೂ ನಿಜ.

1962ರಲ್ಲಿ ಹುಟ್ಟಿದ ಪಾನೀ ಫಾರ್ಮ್ ಆರ್ಲಿಂಡಾ ಚೀಫ್ ಅನ್ನುವ ಹೋಲ್‌ಸ್ಟೀನ್ ಹೋರಿಯನ್ನು ನೋಡಿ. ಅವನಿಗೆ 16,000 ಹೆಣ್ಣು ಮಕ್ಕಳು. ಮೊಮ್ಮಗಳಂದಿರು 5 ಲಕ್ಷಕ್ಕೂ ಜಾಸ್ತಿ. ಮರಿಮೊಮ್ಮಗಳಂದಿರು 20 ಲಕ್ಷಕ್ಕೂ ಜಾಸ್ತಿ. ಅಮೆರಿಕದ ಹೋಲ್‌ಸ್ಟೀನ್ ತಳಿಯ ವಂಶವಾಹಿಗಳಲ್ಲಿ ಸುಮಾರು 14% ಈ ಒಬ್ಬನಿಂದ ಬಂದದ್ದು ಅಂತ ಲೆಕ್ಕ ಹಾಕಿದ್ದಾರೆ. ಅವನ ಹೆಣ್ಣು ಮಕ್ಕಳು ಹಾಲಿನ ಹೊಳೆ ಹರಿಸಿದರು. ಅದರ ಜೊತೆಗೇ ಎಚ್‌ಎಚ್1 ಕೂಡ ಹರಿಯಿತು. ಅವನ ಎಪಿಎಎಫ್1 ವಂಶವಾಹಿಯ ಒಂದು ಪ್ರತಿ ಕೆಟ್ಟಿತ್ತು. ಬೇಡದ ಜೀವಕೋಶಗಳು ಹೊತ್ತಿಗೆ ಸರಿಯಾಗಿ ಸಾಯುವ ಹಾಗೆ ನೋಡಿಕೊಳ್ಳುವ ವಂಶವಾಹಿ ಅದು. ಭ್ರೂಣದ ಅಂಗಗಳು ಆಕಾರಕ್ಕೆ ಬರಲು ಆ ಕೆಲಸವೂ ಬೇಕು.

2016ರಲ್ಲಿ ಬಂದ ಅಧ್ಯಯನದ ಪ್ರಕಾರ, 35 ವರ್ಷಗಳಲ್ಲಿ ಜಗತ್ತಿನಾದ್ಯಂತ ಸುಮಾರು 5.25 ಲಕ್ಷ ಗಬ್ಬಗಳು ಈ ಒಂದು ದೋಷದಿಂದ ಹೋಗಿವೆ. ನಷ್ಟ ಸುಮಾರು 42 ಕೋಟಿ ಡಾಲರ್. ಅದೇ ಅಧ್ಯಯನ ಇನ್ನೊಂದು ಪಕ್ಕವನ್ನೂ ಹೇಳುತ್ತದೆ. ಚೀಫ್‌ನಿಂದ ಹೆಚ್ಚಾದ ಹಾಲಿನ ಬೆಲೆ ಸುಮಾರು 3,000 ಕೋಟಿ ಡಾಲರ್. ಹಾಗಾಗಿ ಅವನನ್ನು ಬಳಸಿದ್ದೇ ತಪ್ಪು ಅಂತ ಹೇಳಲು ನನಗೆ ಮನಸ್ಸಿಲ್ಲ. ಆ ಕಾಲದಲ್ಲಿ ಇದು ಯಾರಿಗೂ ಗೊತ್ತಿರಲೂ ಇಲ್ಲ. ಈಗ ಗೊತ್ತಿದೆ. ಅವನ ವಂಶದವರನ್ನೇ ಎರಡೂ ಕಡೆಯಿಂದ ಕಣ್ಣುಮುಚ್ಚಿ ಜೋಡಿಸುವುದು ಈಗ ತಪ್ಪಾಗುತ್ತದೆ.

ಅದೇ 1962ರಲ್ಲಿ ಹುಟ್ಟಿದ ಅಬ್ಸರ್ವರ್ ಚಾಕೊಲೇಟ್ ಸೋಲ್ಜರ್ ಅನ್ನುವ ಹೋರಿವರೆಗೆ ಜೆರ್ಸಿಯ ಜೆಎಚ್1ರ ಜಾಡು ಹೋಗುತ್ತದೆ. ಹೋಲ್‌ಸ್ಟೀನ್‌ನ ಕಾರ್ಲಿನ್ ಎಂ ಐವನ್‌ಹೋ ಬೆಲ್ ಎರಡು ದೋಷ ಹೊತ್ತಿದ್ದ, ಬ್ಲಾಡ್ (ಪದೇ ಪದೇ ಸೋಂಕು ಬಂದು ಕರು ಸಾಯುವ ದೋಷ) ಮತ್ತು ಸಿವಿಎಂ (ಕರುವಿನ ಬೆನ್ನುಮೂಳೆ ಕೆಡುವ ದೋಷ). ಕೆಚ್ಚಲು, ಹಾಲು ಎರಡಕ್ಕೂ ಹೆಸರುವಾಸಿ ಅಂತ ಅವನ ಸೆಮೆನ್ ಎಲ್ಲ ದೇಶಕ್ಕೂ ಹೋಯಿತು. ಸಾವಿರಗಟ್ಟಲೆ ಸೆಮೆನ್ ಸ್ಟ್ರಾ ತುಂಬಿ, ಮಂಜುಗಡ್ಡೆಗಿಂತ ಎಷ್ಟೋ ಪಾಲು ತಣ್ಣಗಿರುವ ದ್ರವ ಸಾರಜನಕದಲ್ಲಿ ಇಟ್ಟು, ಎಲ್ಲಿಗೆ ಬೇಕಾದರೂ ಕಳಿಸಬಹುದು. ಹಳ್ಳಿಯ ಬೀಜದ ಹೋರಿಯ ದೋಷ ಹಳ್ಳಿಯಲ್ಲೇ ಉಳಿಯುತ್ತಿತ್ತು. ಈ ಹೋರಿಗಳದ್ದು ಖಂಡ ದಾಟಿತು.

ಪ್ರಕೃತಿಯೇ ಇಂಥ ದೋಷವನ್ನು ತೆಗೆದುಹಾಕುವುದಿಲ್ಲವೇ?

ತೆಗೆಯುತ್ತದೆ, ಆದರೆ ಬಹಳ ನಿಧಾನವಾಗಿ. ವರ್ಣತಂತುಗಳಲ್ಲಿ ಹತ್ತಕ್ಕೊಂದು ಕೆಟ್ಟ ಪ್ರತಿ ಇದೆ ಅಂದುಕೊಳ್ಳಿ. ಎರಡೂ ಪ್ರತಿ ಸಿಕ್ಕ ಭ್ರೂಣ ಮಾತ್ರ ಸಾಯುತ್ತಾ ಹೋದರೆ, ಆ ಪ್ರಮಾಣ ಅರ್ಧಕ್ಕೆ ಇಳಿಯಲು 10 ತಲೆಮಾರು ಬೇಕು. ದನಗಳಲ್ಲಿ ಅದು ಹಲವು ದಶಕಗಳ ಮಾತು. ಅಷ್ಟರಲ್ಲಿ ಇನ್ನೊಂದು ಹೆಸರುವಾಸಿ ವಾಹಕ ಹೋರಿ ಬಂದರೆ ಇಳಿದದ್ದೆಲ್ಲ ಮತ್ತೆ ಏರುತ್ತದೆ.

ದೋಷದಿಂದ ಲಾಭವೂ ಇರಬಹುದಾ?

ಕೆಲವು ಕಡೆ ಇದೆ. ಫಿನ್‌ಲೆಂಡ್, ಸ್ವೀಡನ್, ಡೆನ್ಮಾರ್ಕ್‌ಗಳ ಕೆಂಪು ಹಸುಗಳಲ್ಲಿ 12ನೇ ವರ್ಣತಂತುವಿನ ಒಂದು ದೊಡ್ಡ ತುಂಡು ಕಾಣೆಯಾಗಿದೆ. ಸುಮಾರು 6.6 ಲಕ್ಷ ಅಕ್ಷರಗಳಷ್ಟು ಉದ್ದದ ತುಂಡು! ಎರಡೂ ಕಡೆ ಕಾಣೆಯಾದ ಭ್ರೂಣ ಬದುಕುವುದಿಲ್ಲ. 2014ರಲ್ಲಿ ಇದನ್ನು ವರದಿ ಮಾಡಿದಾಗ ವಾಹಕಗಳ ಪ್ರಮಾಣ ಡೆನ್ಮಾರ್ಕ್‌ನಲ್ಲಿ 13%, ಸ್ವೀಡನ್‌ನಲ್ಲಿ 23%, ಫಿನ್‌ಲೆಂಡ್‌ನಲ್ಲಿ 32% ಇತ್ತು. ಇಷ್ಟು ಮಾರಕ ದೋಷ ಇಷ್ಟು ಹೆಚ್ಚು ಹೇಗೆ ಉಳಿಯಿತು? ವಾಹಕ ಹಸುಗಳು ಹಾಲು ಜಾಸ್ತಿ ಕೊಡುತ್ತಿದ್ದವು. ಹಾಲು ನೋಡಿ ತಾಯಿ ಹಸು ಆರಿಸಿದವರು ಗೊತ್ತಿಲ್ಲದೆ ದೋಷವನ್ನೂ ಆರಿಸುತ್ತಿದ್ದರು.

ಈ ಉದಾಹರಣೆ ನನ್ನನ್ನು ಬಹಳ ದಿನ ಕಾಡಿತು. ಹಾಲಿನ ದಾಖಲೆ ಒಂದು ಪುಸ್ತಕದಲ್ಲಿ, ಗಬ್ಬದ ದಾಖಲೆ ಇನ್ನೊಂದು ಪುಸ್ತಕದಲ್ಲಿ ಇಟ್ಟರೆ ಇಂಥದ್ದು ಕಾಣುವುದೇ ಇಲ್ಲ. ಎರಡನ್ನೂ ಒಟ್ಟಿಗೆ ನೋಡಬೇಕು.

ನನ್ನ ಹಸು ನಾಲ್ಕು ಸಲ ಮಾಡಿಸಿದರೂ ನಿಂತಿಲ್ಲ. ಇದೇ ಕಾರಣವಾ?

ಬಹುಶಃ ಅಲ್ಲ. ಇದನ್ನು ಒತ್ತಿ ಹೇಳಬೇಕು.

ಲೆಕ್ಕ ನೋಡಿ. ವಾಹಕ ಜೋಡಿಯಲ್ಲೂ ನಾಲ್ಕರಲ್ಲಿ ಮೂರು ಭ್ರೂಣಕ್ಕೆ ಈ ದೋಷದ ಕಾಟ ಇರುವುದಿಲ್ಲ. ಬರೀ ಇದೇ ಕಾರಣಕ್ಕೆ ಸಾಲಾಗಿ ನಾಲ್ಕು ಸಲ ಹೋಗುವುದು 256ರಲ್ಲಿ ಒಂದು ಸಲ ಮಾತ್ರ. ಹಸು ಪದೇ ಪದೇ ತಿರುಗಿ ಬೆದೆಗೆ ಬಂದರೆ ಮೊದಲು ನೋಡಬೇಕಾದದ್ದು ಬೇರೆ. ಬೆದೆ ಸರಿಯಾಗಿ ಗುರುತಿಸಿದ್ದೀರಾ? ಹೊತ್ತಿಗೆ ಸರಿಯಾಗಿ ಮಾಡಿಸಿದಿರಾ? ಗರ್ಭಕೋಶದಲ್ಲಿ ಸೋಂಕು ಇದೆಯಾ? ಹಸು ತೀರಾ ಬಡಕಲಾಗಿದೆಯಾ? ಖನಿಜ ಮಿಶ್ರಣ ಸಿಗುತ್ತಿದೆಯಾ? ಬಿಸಿಲ ಝಳ ಹೇಗಿದೆ? ಸ್ಟ್ರಾ ಕರಗಿಸಿದ ರೀತಿ ಸರಿಯಿತ್ತಾ? ಇವುಗಳಿಂದ ಆಗುವ ನಷ್ಟ ವಂಶವಾಹಿ ದೋಷದ ನಷ್ಟಕ್ಕಿಂತ ಎಷ್ಟೋ ದೊಡ್ಡದು. ಕಂದು ಹಾಕಿದರಂತೂ ಬ್ರುಸೆಲ್ಲೋಸಿಸ್‌ನಂಥ ಸೋಂಕಿನ ಪರೀಕ್ಷೆ ಮೊದಲು. ಅದು ಮನುಷ್ಯರಿಗೂ ಅಂಟುತ್ತದೆ. ಬಿದ್ದ ಕಂದನ್ನು, ಕಸವನ್ನು ಬರಿಗೈಯಲ್ಲಿ ಮುಟ್ಟಬೇಡಿ.

ವಂಶವಾಹಿ ದೋಷದ ಅನುಮಾನ ಬರಬೇಕಾದದ್ದು ಒಂದು ಹಸುವನ್ನು ನೋಡಿ ಅಲ್ಲ, ಮಂದೆಯನ್ನು ನೋಡಿ. ಒಂದೇ ಹೋರಿಯ ಸೆಮೆನ್ ಹಾಕಿಸಿದ ಹಸುಗಳಲ್ಲಿ, ಅದರಲ್ಲೂ ಆ ಹೋರಿಯ ಹತ್ತಿರದ ಸಂಬಂಧದ ಹಸುಗಳಲ್ಲಿ, ಗಬ್ಬ ಕಡಿಮೆ ನಿಲ್ಲುತ್ತಿದ್ದರೆ ಯೋಚಿಸಿ. ಬೇರೆ ಹೋರಿ ಹಾಕಿಸಿದಾಗ ಅದೇ ಹಸುಗಳು ಸುಲಭವಾಗಿ ನಿಂತರೆ ಅನುಮಾನ ಗಟ್ಟಿಯಾಗುತ್ತದೆ.

ಭ್ರೂಣ ಯಾವಾಗ ಸತ್ತಿತು ಅಂತ ಬೆದೆಯ ದಿನ ನೋಡಿ ಹೇಳಬಹುದಾ?

ಸ್ವಲ್ಪ ಮಟ್ಟಿಗೆ. "ನಾನು ಇದ್ದೇನೆ" ಅಂತ ಭ್ರೂಣ ತಾಯಿಗೆ ಸುಮಾರು 16, 17ನೇ ದಿನಕ್ಕೆ ಸುದ್ದಿ ಕೊಡುತ್ತದೆ. ಅದಕ್ಕೆ ಮೊದಲೇ ಸತ್ತರೆ ಹಸು ಮಾಮೂಲಿನಂತೆ ಸುಮಾರು 21 ದಿನಕ್ಕೆ ಬೆದೆಗೆ ಬರುತ್ತದೆ. ಬೀಜ ಕಟ್ಟಲೇ ಇಲ್ಲವೋ, ಕಟ್ಟಿ ಸತ್ತಿತೋ ಅಂತ ಹೇಳಲಾಗದು. ಅದರ ನಂತರ ಸತ್ತರೆ ಬೆದೆ ತಡವಾಗುತ್ತದೆ. 30, 40, 50 ದಿನಕ್ಕೆ ಬರಬಹುದು. ಹೀಗೆ ಲೆಕ್ಕ ತಪ್ಪಿ ತಡವಾಗಿ ಬಂದ ಬೆದೆಗಳನ್ನು ಬರೆದಿಡಿ. ಆದರೆ ಮಧ್ಯದ ಒಂದು ಬೆದೆ ನಿಮ್ಮ ಕಣ್ಣು ತಪ್ಪಿದ್ದರೂ 42 ದಿನಕ್ಕೆ ಬಂದ ಹಾಗೆ ಕಾಣುತ್ತದೆ, ಎಚ್ಚರ.

ಔಷಧಿ, ಮೇವು, ಹಾರ್ಮೋನ್ ಇಂಜೆಕ್ಷನ್ ಕೊಟ್ಟರೆ ಸರಿಹೋಗುತ್ತದಾ?

ಇಲ್ಲ. ಎರಡೂ ಪ್ರತಿ ಕೆಟ್ಟ ಭ್ರೂಣಕ್ಕೆ ಯಾವ ಚಿಕಿತ್ಸೆಯೂ ಇಲ್ಲ. ಸುಮ್ನೆ ದುಡ್ಡು ಖರ್ಚು. ಹೋರಿ ಬದಲಾಯಿಸುವುದೇ ದಾರಿ.

ಪರೀಕ್ಷೆ ಹೇಗೆ ಮಾಡುತ್ತಾರೆ?

ಡಿಎನ್‌ಎ ಸಿಗುವ ಯಾವುದಾದರೂ ಮಾದರಿ ಸಾಕು. ಬೇರು ಸಮೇತ ಕಿತ್ತ ಬಾಲದ ಕೂದಲು, ಕಿವಿಯ ಚಿಕ್ಕ ಚೂರು, ರಕ್ತ, ಹೋರಿಯಾದರೆ ಸೆಮೆನ್. ಕರು ಹುಟ್ಟಿದ ದಿನವೇ ಮಾಡಬಹುದು, ಜೀವನದಲ್ಲಿ ಒಂದೇ ಸಲ ಸಾಕು.

ಪರೀಕ್ಷೆ ಎರಡು ಬಗೆ. ಒಂದು, ಕೆಟ್ಟ ಅಕ್ಷರವನ್ನೇ ನೇರವಾಗಿ ನೋಡುವುದು. ಇನ್ನೊಂದು, ಸುತ್ತಲಿನ ಗುರುತುಗಳನ್ನು ನೋಡಿ ಹ್ಯಾಪ್ಲೋಟೈಪ್ ಊಹಿಸುವುದು. ಎರಡನೆಯದು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ಆದರೆ ಕೆಲವೊಮ್ಮೆ ತಪ್ಪುತ್ತದೆ. ಒಂದೇ ಹ್ಯಾಪ್ಲೋಟೈಪ್ ಇರುವ ಎರಡು ದನಗಳಲ್ಲಿ ಒಂದಕ್ಕೆ ಕೆಟ್ಟ ಅಕ್ಷರ ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು. ದೋಷ ಹುಟ್ಟುವ ಮೊದಲೂ ಆ ತುಂಡು ತಳಿಯಲ್ಲಿ ಇತ್ತಲ್ವಾ? ಬೆಲೆಬಾಳುವ ಹೋರಿಯ ವಿಷಯದಲ್ಲಿ ನೇರ ಪರೀಕ್ಷೆಯನ್ನೇ ಕೇಳಿ.

ಹೋರಿಯ ಕ್ಯಾಟಲಾಗ್‌ನಲ್ಲಿ ಏನು ನೋಡಬೇಕು?

ಹೆಸರಿನ ಪಕ್ಕ ಚಿಕ್ಕ ಚಿಕ್ಕ ಅಕ್ಷರಗಳಿರುತ್ತವೆ. ಬಹಳ ಜನ ಅದನ್ನು ದಾಟಿ ನೇರವಾಗಿ ಹಾಲಿನ ಅಂಕಿಗೆ ಹೋಗುತ್ತಾರೆ. ಹೋಲ್‌ಸ್ಟೀನ್‌ನಲ್ಲಿ ಟಿಎಲ್ ಅಂದರೆ ಬ್ಲಾಡ್ ಇಲ್ಲ, ಬಿಎಲ್ ಅಂದರೆ ಬ್ಲಾಡ್ ವಾಹಕ. ಟಿವಿ ಅಂದರೆ ಸಿವಿಎಂ ಇಲ್ಲ, ಸಿವಿ ಅಂದರೆ ವಾಹಕ. ಟಿಡಿ ಅಂದರೆ ಡಂಪ್ಸ್ ಇಲ್ಲ, ಡಿಪಿ ಅಂದರೆ ವಾಹಕ. ಬೆನ್ನುಮೂಳೆ ಮೋಟಾಗುವ ಬ್ರಾಕಿಸ್ಪೈನಾ ದೋಷಕ್ಕೆ ಟಿವೈ (ಇಲ್ಲ) ಮತ್ತು ಬಿವೈ (ವಾಹಕ). ಹ್ಯಾಪ್ಲೋಟೈಪ್‌ಗಳಲ್ಲಿ ಕೊನೆಯ ಅಕ್ಷರ ನೋಡಿ: ಎಚ್‌ಎಚ್1ಸಿ ಅಂದರೆ ವಾಹಕ, ಎಚ್‌ಎಚ್1ಟಿ ಅಂದರೆ ಪರೀಕ್ಷೆ ಮಾಡಿ ಇಲ್ಲ ಅಂತ ಖಚಿತವಾಗಿದೆ. ಏನೂ ಬರೆದಿಲ್ಲ ಅಂದರೆ ದೋಷ ಇಲ್ಲ ಅಂತ ಅರ್ಥವಲ್ಲ. ಪರೀಕ್ಷೆಯೇ ಆಗಿಲ್ಲದಿರಬಹುದು. ಕೇಳಿ ತಿಳಿದುಕೊಳ್ಳಿ.

ವಾಹಕ ಹಸುವನ್ನು ಮಾರಿಬಿಡಬೇಕಾ?

ಬೇಡ, ದಯವಿಟ್ಟು ಬೇಡ. ಪರೀಕ್ಷೆಯ ಚೀಟಿ ನೋಡಿ ಒಳ್ಳೆಯ ಹಸುವನ್ನು ಕಳಿಸಿಬಿಟ್ಟವರನ್ನು ನಾನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ. ಹುಡುಕುತ್ತಾ ಹೋದರೆ ಪ್ರತಿ ದನದಲ್ಲೂ, ಪ್ರತಿ ಮನುಷ್ಯನಲ್ಲೂ ಇಂಥ ಒಂದೆರಡು ದೋಷ ಅಡಗಿರುತ್ತದೆ. ವಾಹಕರನ್ನೆಲ್ಲ ತೆಗೆಯುತ್ತಾ ಹೋದರೆ ಕೊಟ್ಟಿಗೆಯೇ ಖಾಲಿಯಾಗುತ್ತದೆ.

ಆ ಹಸುವಿಗೆ ಅದೇ ದೋಷ ಇಲ್ಲದ ಹೋರಿ ಹಾಕಿಸಿ. ಅಷ್ಟು ಮಾಡಿದರೆ ಆ ದೋಷದಿಂದ ಒಂದು ಗಬ್ಬವೂ ಹೋಗುವುದಿಲ್ಲ. ಹುಟ್ಟಿದ ಹೆಣ್ಣು ಕರುವಿಗೆ ಪರೀಕ್ಷೆ ಮಾಡಿಸಿದರೆ ಮುಂದಿನ ಜೋಡಿ ಇನ್ನೂ ಸುಲಭ.

ಹೋರಿಯ ವಿಷಯದಲ್ಲಿ ಮಾತ್ರ ನಾನು ಬಿಗಿ. ಒಂದು ಹಸು ಜೀವಮಾನದಲ್ಲಿ ಕೆಲವೇ ಕರು ಹಾಕುತ್ತದೆ. ಒಂದು ಹೋರಿ ಸಾವಿರಗಟ್ಟಲೆ. ಸಮನಾದ ಗುಣದ ಎರಡು ಹೋರಿ ಇದ್ದರೆ ವಾಹಕ ಅಲ್ಲದ್ದನ್ನೇ ಮುಂದಕ್ಕೆ ಬಿಡಬೇಕು. ಬ್ಲಾಡ್ ವಿಷಯದಲ್ಲಿ ಹೀಗೇ ಆಯಿತು. 1990ರ ದಶಕದಲ್ಲಿ ಡಿಎನ್‌ಎ ಪರೀಕ್ಷೆ ಬಂದ ಮೇಲೆ ವಾಹಕ ಹೋರಿಗಳನ್ನು ಬಿಡುವುದು ನಿಂತು, ಆ ರೋಗದ ಕರು ಈಗ ಕಾಣುವುದೇ ಅಪರೂಪ.

ಮಿಶ್ರತಳಿ ಹಸುಗಳಿಗೆ ಈ ಅಪಾಯ ಇಲ್ಲವೇ?

ಕಡಿಮೆ. ಎಚ್‌ಎಚ್1 ಹೋಲ್‌ಸ್ಟೀನ್‌ನದ್ದು, ಜೆಎಚ್1 ಜೆರ್ಸಿಯದ್ದು. ಹೋಲ್‌ಸ್ಟೀನ್ ಹಸುವಿಗೆ ಜೆರ್ಸಿ ಹೋರಿ ಹಾಕಿಸಿದರೆ ಎರಡು ಕಡೆಯ ದೋಷ ಬೇರೆ ಬೇರೆ, ಹಾಗಾಗಿ ಒಂದಕ್ಕೊಂದು ಸಿಗುವುದಿಲ್ಲ. ಆದರೆ ಹುಟ್ಟಿದ ಕರು ದೊಡ್ಡದಾಗಿ ಅದಕ್ಕೆ ಮತ್ತೆ ಹೋಲ್‌ಸ್ಟೀನ್ ಹಾಕಿಸಿದಾಗ ತಾಯಿ ಕಡೆಯಿಂದ ಬಂದ ಎಚ್‌ಎಚ್1 ಕಾದು ಕೂತಿರಬಹುದು. ಮಿಶ್ರತಳಿ ಅಂತ ವಂಶದ ದಾಖಲೆ ಬಿಡಬೇಡಿ.

ಹತ್ತಿರದ ಸಂಬಂಧದಲ್ಲಿ ಕೂಡಿಸಿದರೆ ಏನಾಗುತ್ತದೆ?

ಅಡಗಿದ್ದೆಲ್ಲ ಹೊರಗೆ ಬರುತ್ತದೆ. ವಾಹಕ ಹೋರಿಯನ್ನು ಅದರದೇ ಮಗಳಿಗೆ ಬಿಟ್ಟರೆ ಎಂಟರಲ್ಲಿ ಒಂದು ಭ್ರೂಣಕ್ಕೆ ಕುತ್ತು. ಇದು ಒಂದು ದೋಷದ ಲೆಕ್ಕ. ಹೆಸರೇ ಇಡದ ದೋಷಗಳು ಇನ್ನೆಷ್ಟೋ ಇರಬಹುದು, ಅವಕ್ಕೂ ಇದೇ ಲೆಕ್ಕ. ಬೀಜದ ಹೋರಿ ಸಾಕುವವರು ಎರಡು ಮೂರು ವರ್ಷಕ್ಕೆ ಹೋರಿ ಬದಲಾಯಿಸುವುದು ಇದಕ್ಕೇ.

ಹೋರಿಯ ಸೆಮೆನ್ ಗುಣಮಟ್ಟ ಚೆನ್ನಾಗಿದೆ ಅಂತ ವರದಿ ಇದೆ. ಆದರೂ ದೋಷ ಇರಬಹುದಾ?

ಇರಬಹುದು. ಸೂಕ್ಷ್ಮದರ್ಶಕ ವೀರ್ಯಾಣುಗಳ ಎಣಿಕೆ ಮತ್ತು ಓಟ ತೋರಿಸುತ್ತದೆ, ಒಳಗಿನ ವಂಶವಾಹಿಯನ್ನಲ್ಲ. ಫ್ಲೆಕ್‌ವೀ ತಳಿಯಲ್ಲಿ ಟಿಎಂಇಎಂ95 ಅನ್ನುವ ವಂಶವಾಹಿಯ ಎರಡೂ ಪ್ರತಿ ಕೆಟ್ಟ ಹೋರಿಗಳು ಸಿಕ್ಕವು. ನೋಡಲು ಆರೋಗ್ಯವಂತ ಹೋರಿಗಳು, ವೀರ್ಯವೂ ನೋಡಲು ಸರಿಯಾಗಿಯೇ ಇತ್ತು. ಆದರೆ ಗಬ್ಬ ನಿಲ್ಲುತ್ತಿದ್ದದ್ದು 100ಕ್ಕೆ 2ಕ್ಕಿಂತ ಕಡಿಮೆ. ವೀರ್ಯಾಣುವಿನ ಮೇಲ್ಮೈಯಲ್ಲಿ ಇರಬೇಕಾದ ಒಂದು ಪ್ರೋಟೀನ್ ಅವಕ್ಕೆ ಇರಲಿಲ್ಲ. ಇಲ್ಲಿ ಭ್ರೂಣ ಸಾಯುವ ಪ್ರಶ್ನೆಯೇ ಇಲ್ಲ, ಅಂಡಕ್ಕೂ ವೀರ್ಯಾಣುವಿಗೂ ಬೆಸುಗೆಯೇ ಆಗುವುದಿಲ್ಲ. 2014ರಲ್ಲಿ ಇದು ಗೊತ್ತಾಗುವ ಮೊದಲು ಎಷ್ಟು ಹಸುಗಳ ಮೇಲೆ ತಪ್ಪು ಹೊರಿಸಿದ್ದರೋ!

ವರ್ಣತಂತು ಅಂಟಿಕೊಳ್ಳುವ ದೋಷವೂ ಇದೇ ಬಗೆಯದಾ?

ಅಲ್ಲ. 1 ಮತ್ತು 29ನೇ ವರ್ಣತಂತುಗಳು ಒಂದಕ್ಕೊಂದು ಅಂಟಿಕೊಳ್ಳುವ ದೋಷವನ್ನು 1964ರಲ್ಲಿ ಸ್ವೀಡನ್‌ನಲ್ಲಿ ಗುರುತಿಸಿದರು. ಅಂಥ ದನದಲ್ಲಿ 60ರ ಬದಲು 59 ವರ್ಣತಂತು ಇರುತ್ತವೆ. ಅಲ್ಲಿ ಒಂದು ಕಡೆ ದೋಷ ಇದ್ದರೂ ಗಬ್ಬ ಕಡಿಮೆಯಾಗುತ್ತದೆ, ಜೋಡಿ ಯಾರೇ ಆಗಿರಲಿ. ಅದಕ್ಕೆ ವರ್ಣತಂತು ಪರೀಕ್ಷೆ ಬೇರೆ ಇದೆ.

ಗೊತ್ತಿಲ್ಲದೆ ಇಬ್ಬರು ವಾಹಕರನ್ನು ಜೋಡಿಸಿಬಿಟ್ಟಿದ್ದೇನೆ. ಈಗ ಏನು ಮಾಡಲಿ?

ಗಾಬರಿ ಬೇಡ. ನಾಲ್ಕರಲ್ಲಿ ಮೂರು ಪಾಲು ಒಳ್ಳೆಯದೇ ಆಗುವ ಸಾಧ್ಯತೆ. 21 ದಿನಕ್ಕೆ ಬೆದೆ ನೋಡಿ. ಬರದಿದ್ದರೆ 60ರಿಂದ 90 ದಿನದ ನಡುವೆ ವೈದ್ಯರಿಂದ ಗಬ್ಬದ ಪರೀಕ್ಷೆ ಮಾಡಿಸಿ. ಎಚ್‌ಎಚ್3, ಎಚ್‌ಎಚ್4, ಎಚ್‌ಎಚ್5, ಜೆಎಚ್1, ಡಂಪ್ಸ್ ಇವುಗಳ ಸಾವು ಹೆಚ್ಚಾಗಿ ಮೊದಲ ಎರಡು ತಿಂಗಳಲ್ಲೇ ಆಗುತ್ತದೆ. ಅಷ್ಟು ದಿನ ದಾಟಿ ಕರು ಇದೆ ಅಂದರೆ ಆ ಗಂಡಾಂತರ ಹೆಚ್ಚುಕಡಿಮೆ ಕಳೆದ ಹಾಗೆ. ಎಚ್‌ಎಚ್1 ಮತ್ತು ಸಿವಿಎಂ ಹಾಗಲ್ಲ. ಅವುಗಳಲ್ಲಿ ಗಬ್ಬ ಇನ್ನೂ ಮುಂದೆ ಹೋಗಿ ಬೀಳಬಹುದು. ಸಿವಿಎಂನಲ್ಲಿ ಕುತ್ತಿಗೆ ಮೋಟಾಗಿ, ಬೆನ್ನುಮೂಳೆ ಅಂಟಿಕೊಂಡು, ಕಾಲು ಮಡಚಿದ ಕರು ಸತ್ತೇ ಹುಟ್ಟುವುದೂ ಉಂಟು. ಅಂಥ ಜೋಡಿಯಾಗಿದ್ದರೆ ಹಾಲು ಬತ್ತಿಸುವ ಮೊದಲು ಇನ್ನೊಮ್ಮೆ ಗಬ್ಬ ನೋಡಿಸಿ. ಕರು ಹುಟ್ಟಿದ ದಿನ ಅದರ ಕಿವಿಯ ಚೂರನ್ನು ಪರೀಕ್ಷೆಗೆ ಕಳಿಸಿ, ತಂದೆ ಹೋರಿಯ ಹೆಸರು ಮತ್ತು ಸಂಖ್ಯೆಯನ್ನು ಸ್ಟ್ರಾ ಮೇಲಿಂದ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳಿ.